ಬೀಗ ಬಿದ್ದ ಕಾರ್ಖಾನೆ, ನಿಲ್ಲದ ಬೈಕು

ಭಾನುವಾರ ಬೆಳಿಗ್ಗೆ ಏಳು ಗಂಟೆ. ಮೈಸೂರು ರಸ್ತೆಯ ಬದಿಯ ಇಡ್ಲಿ ಹೋಟೆಲಿನ ಮುಂದೆ ಬೈಕುಗಳು ಸಾಲಾಗಿ ನಿಂತಿವೆ. ಲಕ್ಷಗಟ್ಟಲೆ ಬೆಲೆಬಾಳುವ ಹೊಸ ಗಾಡಿಗಳೂ ಅವುಗಳಲ್ಲಿವೆ. ಆದರೆ ಜನ ಗುಂಪುಗೂಡಿರುವುದು ಸಾಲಿನ ಕೊನೆಗೆ ನಿಂತ ಕಡುಗೆಂಪು ಬಣ್ಣದ ಹಳೆಯ ಜಾವಾದ ಸುತ್ತ. ಟ್ಯಾಂಕಿನ ಎರಡೂ ಮಗ್ಗುಲಿಗೆ ಕ್ರೋಮ್ ಹೊಳಪು, ಹೆಡ್‌ಲೈಟಿನ ತಲೆಯ ಮೇಲೇ ಕೂತ ಸ್ಪೀಡೋಮೀಟರ್, ಹಿಂದಕ್ಕೆ ಚಾಚಿದ ಎರಡು ಸೈಲೆನ್ಸರ್. ಒಬ್ಬರು ಮುಟ್ಟಿ ನೋಡುತ್ತಾರೆ, ಇನ್ನೊಬ್ಬರು ಫೋಟೊ ತೆಗೆಯುತ್ತಾರೆ. ಅರವತ್ತು ದಾಟಿದವರೊಬ್ಬರು ಹತ್ತಿರ ಬಂದು, ‘ಯಾವ ಮಾಡೆಲ್ಲು ಸಾರ್? ನಮ್ಮ ತಂದೆಯವರ ಹತ್ರಾನೂ ಒಂದಿತ್ತು’ ಎಂದು ಮಾತು ತೆಗೆಯುತ್ತಾರೆ.

ಮಾಲೀಕ ಕಿಕ್ ಹೊಡೆಯುತ್ತಾನೆ. ನೀಲಿ ಹೊಗೆ ಒಂದಿಷ್ಟು, ಆಮೇಲೆ ಬಿಟ್ಟುಬಿಟ್ಟು ಬಡಿಯುವ ಆ ಸದ್ದು. ಆ ಸದ್ದಿಗೆ ಹೋಟೆಲಿನ ಒಳಗಿದ್ದವರೂ ಹೊರಗೆ ಬರುತ್ತಾರೆ.

ಈ ಗಾಡಿಯನ್ನು ಮಾಡಿದ ಮೈಸೂರಿನ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅಂದಿನಿಂದ ಅದರ ಕಂಪನಿಯ ಸರ್ವಿಸ್ ಸ್ಟೇಷನ್ ಇಲ್ಲ, ಷೋರೂಮ್ ಇಲ್ಲ, ಕಂಪನಿ ಮುದ್ರೆಯ ಬಿಡಿಭಾಗವೂ ಇಲ್ಲ. ಆದರೂ ಈ ಗಾಡಿಗಳು ಓಡುತ್ತಿವೆ. ಹಳೆಯ ಬೈಕಿನ ಮೋಹವನ್ನು ನಾವು ಬಹುತೇಕ ಅಂದಚೆಂದದ ಲೆಕ್ಕದಲ್ಲೇ ನೋಡುತ್ತೇವೆ. ಆದರೆ ಇಷ್ಟು ದಶಕ ಅದನ್ನು ಬದುಕಿಸಿಟ್ಟಿದ್ದು ಬೇರೊಂದು ಗುಣ: ಬಿಚ್ಚಿದರೆ ಅರ್ಥವಾಗುವಂತೆ, ಕೆಟ್ಟರೆ ಬೀದಿ ಕೊನೆಯಲ್ಲೇ ಸರಿಹೋಗುವಂತೆ ಅದನ್ನು ಮಾಡಿದ್ದರು.

ಪ್ರಾಗ್‌ನಿಂದ ಯಾದವಗಿರಿಗೆ

ಜಾವಾದ ಹುಟ್ಟೂರು ಈಗಿನ ಜೆಕ್ ಗಣರಾಜ್ಯದ ಪ್ರಾಗ್. ಶಸ್ತ್ರಾಸ್ತ್ರ ತಯಾರಿಸುತ್ತಿದ್ದ ಉದ್ಯಮಿ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್‌ಸೈಕಲ್ ತಯಾರಿಕೆಯ ಹಕ್ಕು ಕೊಂಡರು. ತಮ್ಮ ಹೆಸರಿನ ಮತ್ತು ವಾಂಡರರ್ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ‘ಜಾವಾ’ ಎಂದು ಕರೆದರು.

ಎರಡನೇ ಮಹಾಯುದ್ಧದ ಹೊತ್ತಿಗೆ ದೇಶ ಜರ್ಮನಿಯ ಹಿಡಿತಕ್ಕೆ ಹೋಗಿತ್ತು. ಆ ದಿನಗಳಲ್ಲೇ ಜಾವಾದ ಎಂಜಿನಿಯರುಗಳು ಯುದ್ಧ ಮುಗಿದ ಮೇಲಿನ ಕಾಲಕ್ಕಾಗಿ 250 ಸಿಸಿಯ ಹೊಸ ಬೈಕೊಂದನ್ನು ಗುಟ್ಟಾಗಿ ರೂಪಿಸಿದರು. ಪೆರಾಕ್ ಎಂಬ ಹೆಸರಿನ ಆ ಗಾಡಿ 1946ರ ಪ್ಯಾರಿಸ್ ಪ್ರದರ್ಶನದಲ್ಲಿ ಚಿನ್ನದ ಪದಕ ಗೆದ್ದಿತು. ನಮ್ಮ ರಸ್ತೆಗಳಿಗೆ ಬಂದ ಜಾವಾ ಅದೇ ವಂಶದ್ದು.

ಸ್ವಾತಂತ್ರ್ಯಾನಂತರದ ಭಾರತ ವಿದೇಶಿ ವಾಹನಗಳ ಆಮದಿಗೆ ಕಡಿವಾಣ ಹಾಕಿತು. ಮಾರಬೇಕಾದರೆ ಇಲ್ಲೇ ತಯಾರಿಸಬೇಕು ಎಂಬುದು ಸರ್ಕಾರದ ನೀತಿ. ಎನ್‌ಫೀಲ್ಡ್ 1955ರಲ್ಲಿ ಮದ್ರಾಸಿಗೆ ಬಂದದ್ದು ಈ ಹಾದಿಯಲ್ಲೇ. ಮುಂಬೈಯಲ್ಲಿ ಜಾವಾ ಆಮದು ಮಾಡಿ ಮಾರುತ್ತಿದ್ದ ಇರಾನಿ ಕುಟುಂಬವೂ ಹಾಗೇ ಯೋಚಿಸಿತು. ರುಸ್ತುಂ ಇರಾನಿ, ಫರೋಖ್ ಇರಾನಿ 1960ರಲ್ಲಿ ಐಡಿಯಲ್ ಜಾವಾ ಕಂಪನಿ ಕಟ್ಟಿದರು. ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆ ಎದ್ದಿತು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ 1961ರಲ್ಲಿ ಅದನ್ನು ಉದ್ಘಾಟಿಸಿದರು.

ಮೊದಮೊದಲು ಜೆಕೊಸ್ಲೊವಾಕಿಯಾದಿಂದ ಬಂದ ಭಾಗಗಳನ್ನು ಇಲ್ಲಿ ಜೋಡಿಸುತ್ತಿದ್ದರು. ಬರಬರುತ್ತ ಒಂದೊಂದೇ ಭಾಗ ಇಲ್ಲೇ ತಯಾರಾಗತೊಡಗಿತು. 1970ರ ದಶಕದ ಮೊದಲಲ್ಲಿ ಜೆಕ್ ಕಂಪನಿಯ ಜೊತೆಗಿನ ಒಪ್ಪಂದ ಮುಗಿದ ಮೇಲೆ ಟ್ಯಾಂಕಿನ ಮೇಲಿನ ಹೆಸರು ‘ಯೆಜ್ಡಿ’ ಎಂದಾಯಿತು. ಕ್ಲಾಸಿಕ್, ರೋಡ್‌ಕಿಂಗ್, ಮೊನಾರ್ಕ್ ಎಂಬ ಮಾದರಿಗಳು ಬಂದವು. ಶೋಳಾವರಂನ ರೇಸ್ ಟ್ರ್ಯಾಕಿನಲ್ಲಿ, ಗುಡ್ಡಗಾಡಿನ ಮೋಟೋಕ್ರಾಸ್‌ಗಳಲ್ಲಿ ಮೈಸೂರಿನ ಈ ಗಾಡಿಗಳು ಹೆಸರು ಮಾಡಿದವು. ಕಾಲೇಜು ಹುಡುಗರಿಂದ ಹಿಡಿದು ಕಾಫಿ ತೋಟದ ರೈಟರ್‌ವರೆಗೆ ನಮ್ಮ ಒಂದಿಡೀ ತಲೆಮಾರು ಗೇರ್ ಹಾಕಲು ಕಲಿತದ್ದು ಇವುಗಳ ಮೇಲೆ.

ಕಿಕ್ಕರೂ ಅದೇ, ಗೇರೂ ಅದೇ

ಜಾವಾವನ್ನು ಮೊದಲ ಸಲ ಹತ್ತಿದವರು ಹುಡುಕುವುದು ಕಿಕ್ಕರ್ ಎಲ್ಲಿದೆ ಎಂದು. ಬಲಗಡೆ ಏನೂ ಇಲ್ಲ. ಎಡಗಡೆಯ ಗೇರ್ ಪೆಡಲನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತದೆ. ಗಾಡಿ ಚಾಲೂ ಆದ ಮೇಲೆ ಮತ್ತೆ ಕೆಳಗಿಳಿಸಿದರೆ ಗೇರ್ ಪೆಡಲ್. ಒಂದು ಲಿವರಿಗೆ ಎರಡು ಕೆಲಸ.

ಇನ್ನೊಂದು ವಿಶೇಷ ಕ್ಲಚ್ಚಿನದು. ಕಾಲಿನಿಂದ ಗೇರ್ ಪೆಡಲ್ ಒತ್ತುತ್ತಿದ್ದಂತೆ ಒಳಗಿನ ಏರ್ಪಾಡೊಂದು ತಾನೇ ಕ್ಲಚ್ ಬಿಡಿಸುತ್ತದೆ. ಹಾಗಾಗಿ ಓಡುವಾಗ ಗೇರ್ ಬದಲಿಸಲು ಕೈಯ ಕ್ಲಚ್ ಹಿಡಿಯಲೇಬೇಕೆಂದಿಲ್ಲ. ಕ್ಲಚ್ ಕೇಬಲ್ ದಾರಿಯಲ್ಲಿ ತುಂಡಾದರೂ ಊರು ಮುಟ್ಟಬಹುದಾದ ಭರವಸೆ ಇದು.

ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಉರಿದ ಹೊಗೆ ಹೊರಹೋಗಲು ಸಿಲಿಂಡರಿಗೆ ಎರಡು ಬಾಯಿ ಇಟ್ಟಿದ್ದರಿಂದ ಎರಡು ಕೊಳವೆ ಬೇಕಾದವು. ಗಾಡಿಗೆ ಎರಡೂ ಮಗ್ಗುಲಲ್ಲಿ ಸಮತೂಕದ ರೂಪ ಬಂದದ್ದು ಇದರಿಂದ. ಚೈನು ಪೂರ್ತಿ ಮುಚ್ಚಿದ ಡಬ್ಬಿಯೊಳಗೆ ಓಡುತ್ತದೆ. ನಮ್ಮ ಕೆಮ್ಮಣ್ಣಿನ ರಸ್ತೆಗಳ ಧೂಳು, ಮಲೆನಾಡಿನ ಕೆಸರು ಅದನ್ನು ಸುಲಭವಾಗಿ ಮುಟ್ಟುವುದಿಲ್ಲ. ಇಗ್ನಿಷನ್ ಕೀ ಅಂತೂ ತಲೆಯಿರುವ ದಪ್ಪ ಮೊಳೆಯಂತಿದೆ. ಒಂದು ಗಾಡಿಯ ಕೀ ಇನ್ನೊಂದಕ್ಕೂ ಆಗುತ್ತಿತ್ತು ಎಂಬುದನ್ನು ಹಳಬರು ಇಂದಿಗೂ ಹೇಳುತ್ತಾರೆ.

ಇನ್ನು ಎಂಜಿನ್. ಇದು ಟೂ ಸ್ಟ್ರೋಕ್. ಇಂದಿನ ಬಹುಪಾಲು ಬೈಕುಗಳ ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ ನಾಲ್ಕು ಸಲ ಚಲಿಸಿದಾಗ ಒಮ್ಮೆ ಶಕ್ತಿ ಹುಟ್ಟುತ್ತದೆ. ಟೂ ಸ್ಟ್ರೋಕಿನಲ್ಲಿ ಪಿಸ್ಟನ್ ಒಮ್ಮೆ ಮೇಲೆ ಹೋಗಿ ಕೆಳಗೆ ಬಂದರೆ ಸಾಕು. ಪಿಸ್ಟನ್ ಮೇಲೇರುವಾಗ ತಲೆಯ ಮೇಲಿನ ಪೆಟ್ರೋಲ್–ಗಾಳಿಯನ್ನು ಒತ್ತುತ್ತದೆ, ಕೆಳಗಿನ ಕೋಣೆಗೆ ಹೊಸತನ್ನು ಎಳೆದುಕೊಳ್ಳುತ್ತದೆ. ಪ್ಲಗ್ಗಿನ ಕಿಡಿ ತಾಗಿ ಕೆಳಗಿಳಿಯುವಾಗ ಸಿಲಿಂಡರಿನ ಗೋಡೆಯ ಕಿಂಡಿಗಳನ್ನು ತಾನೇ ತೆರೆಯುತ್ತದೆ. ಹಳೆಯ ಹೊಗೆ ಹೊರಗೆ, ಹೊಸ ಮಿಶ್ರಣ ಒಳಗೆ.

ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಸವೆಯುವ ಭಾಗ ಕಡಿಮೆ, ಬಿಚ್ಚುವ ಕೆಲಸವೂ ಕಡಿಮೆ. ಕೆಳಗಿನ ಕೋಣೆಯ ಮೂಲಕವೇ ಪೆಟ್ರೋಲ್ ಹಾಯುವುದರಿಂದ ಅಲ್ಲಿನ ಬೇರಿಂಗುಗಳಿಗೆ ಬೇಕಾದ ಆಯಿಲನ್ನು ಪೆಟ್ರೋಲಿಗೇ ಬೆರೆಸಬೇಕು, ಲೀಟರಿಗೆ ಸುಮಾರು 30ರಿಂದ 40 ಮಿಲಿ. ಬಂಕಿನಲ್ಲಿ ಆಯಿಲ್ ಅಳೆದು ಹಾಕಿಸಿ, ಗಾಡಿಯನ್ನು ಆಚೀಚೆ ಅಲುಗಾಡಿಸುವುದು ಒಂದು ಕಾಲದ ಮಾಮೂಲಿ ನೋಟ.

ಈ ಸರಳತೆಯಲ್ಲೇ ಒಂದು ಕೊರತೆಯೂ ಇದೆ. ಕಿಂಡಿಗಳೆರಡೂ ಒಟ್ಟಿಗೆ ತೆರೆದಿರುವ ಕ್ಷಣದಲ್ಲಿ ಸ್ವಲ್ಪ ಹೊಸ ಪೆಟ್ರೋಲ್ ಉರಿಯದೆಯೇ ಹೊರಗೆ ಹೋಗಿಬಿಡುತ್ತದೆ. ಬೆರೆಸಿದ ಆಯಿಲ್ ಹೊಗೆಯಾಗುತ್ತದೆ. ಮೈಲೇಜು ಕಡಿಮೆ, ಮಾಲಿನ್ಯ ಜಾಸ್ತಿ.

ನೂರು ಸಿಸಿಯ ಪೈಪೋಟಿ

1980ರ ದಶಕದ ನಡುವಿನಲ್ಲಿ ಸರ್ಕಾರ ವಿದೇಶಿ ಸಹಭಾಗಿತ್ವಕ್ಕೆ ಬಾಗಿಲು ತೆರೆಯಿತು. ಹೊಸೂರಿನಿಂದ ಇಂಡ್ ಸುಜುಕಿ, ಉತ್ತರದಿಂದ ಹೀರೋ ಹೋಂಡಾ ಸಿಡಿ 100, ಯಮಾಹಾ ಆರ್‌ಎಕ್ಸ್ 100 ಬಂದವು. ನೂರು ಸಿಸಿಯ ಈ ಹಗುರ ಗಾಡಿಗಳು ಮಾರುಕಟ್ಟೆಯ ಚಹರೆಯನ್ನೇ ಬದಲಿಸಿದವು. ಹೀರೋ ಹೋಂಡಾ ಲೀಟರಿಗೆ 80 ಕಿಲೋಮೀಟರ್ ಓಡುತ್ತದೆ ಎಂಬ ಮಾತು ಮನೆಮನೆಗೆ ತಲುಪಿತು. ಯೆಜ್ಡಿ ಕೊಡುತ್ತಿದ್ದದ್ದು ಅದರ ಅರ್ಧಕ್ಕೂ ಕಡಿಮೆ. ತಿಂಗಳ ಸಂಬಳದಲ್ಲಿ ಪೆಟ್ರೋಲ್ ಲೆಕ್ಕ ಹಾಕುವ ಸಂಸಾರಸ್ಥರು ಎತ್ತ ಹೋಗಬೇಕೋ ಅತ್ತ ಹೋದರು. ಅವರದೇನೂ ತಪ್ಪಿಲ್ಲ.

1990ರ ದಶಕದಲ್ಲಿ ಹೊಗೆಯ ನಿಯಮಗಳು ಜಾರಿಗೆ ಬಂದು ಬಿಗಿಯಾಗುತ್ತ ಹೋದವು. ಹಳೆಯ ವಿನ್ಯಾಸದ ಟೂ ಸ್ಟ್ರೋಕ್ ಎಂಜಿನ್ನನ್ನು ಅವುಗಳಿಗೆ ಒಗ್ಗಿಸಲು ದೊಡ್ಡ ಬಂಡವಾಳ ಬೇಕಿತ್ತು. ಮಾರಾಟ ಕುಸಿದಿದ್ದ ಕಂಪನಿಗೆ ಅದು ಸಾಧ್ಯವಾಗಲಿಲ್ಲ. 1996ರಲ್ಲಿ ಯಾದವಗಿರಿಯ ಕಾರ್ಖಾನೆಗೆ ಬೀಗ ಬಿತ್ತು. ಅದನ್ನೇ ನಂಬಿದ್ದ ಕಾರ್ಮಿಕ ಕುಟುಂಬಗಳಿಗೆ ಬಿದ್ದ ಪೆಟ್ಟು ದೊಡ್ಡದು. ಹಳೆಯ ಬೈಕುಗಳ ಬಗ್ಗೆ ಅಭಿಮಾನದಿಂದ ಮಾತಾಡುವಾಗ ಅವುಗಳನ್ನು ಕೈಯಾರೆ ಜೋಡಿಸಿದವರ ಈ ನಷ್ಟವನ್ನು ಮರೆಯಬಾರದು.

ಗ್ಯಾರೇಜಿನಲ್ಲಿ ಉಳಿದ ವಿದ್ಯೆ

ಕಾರ್ಖಾನೆ ನಿಂತಿತು, ಗ್ಯಾರೇಜು ನಿಲ್ಲಲಿಲ್ಲ. ಮೈಸೂರು, ಬೆಂಗಳೂರು ಮಾತ್ರವಲ್ಲ, ಸಣ್ಣ ಊರುಗಳಲ್ಲೂ ಜಾವಾ–ಯೆಜ್ಡಿ ಕೆಲಸ ಬಲ್ಲ ಮೇಸ್ತ್ರಿಗಳಿದ್ದರು, ಈಗಲೂ ಇದ್ದಾರೆ. ಸಿಲಿಂಡರ್ ಸವೆದರೆ ಲೇತಿಗೆ ಕೊಟ್ಟು ಬೋರ್ ಮಾಡಿಸಿ ಒಂದು ಸೈಜ್ ದೊಡ್ಡ ಪಿಸ್ಟನ್ ಹಾಕುತ್ತಾರೆ. ಕ್ರ್ಯಾಂಕ್ ಸದ್ದು ಮಾಡಿದರೆ ಬಿಚ್ಚಿ, ಹೊಸ ಬೇರಿಂಗ್ ಕೂರಿಸಿ, ಮತ್ತೆ ಅಲೈನ್ ಮಾಡುತ್ತಾರೆ. ಸೈಲೆನ್ಸರಿನಲ್ಲಿ ಕಾರ್ಬನ್ ಕಟ್ಟಿದರೆ ಒಳಗಿನ ಕೊಳವೆ ಹೊರತೆಗೆದು ಸುಟ್ಟು ಶುಚಿ ಮಾಡುತ್ತಾರೆ. ಪಾಯಿಂಟ್ ಸವೆದಿದ್ದರೆ ಉಜ್ಜಿ, ಗ್ಯಾಪ್ ಹೊಂದಿಸುತ್ತಾರೆ.

ಇದರಲ್ಲಿ ಯಾವುದಕ್ಕೂ ಕಂಪ್ಯೂಟರ್ ಬೇಡ. ಬೇಕಾದದ್ದು ಕಿವಿ, ಕೈ, ಅನುಭವ. ಎಂಜಿನ್ನಿನ ಸದ್ದಿನಲ್ಲೇ ಕಾಯಿಲೆ ಹಿಡಿಯುವ, ಪ್ಲಗ್ಗಿನ ತುದಿಯ ಬಣ್ಣ ನೋಡಿ ಪೆಟ್ರೋಲ್ ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಹೇಳುವ ವಿದ್ಯೆ ಇದು. ತುದಿ ಕಪ್ಪಗೆ ಜಿಡ್ಡಾಗಿದ್ದರೆ ಪೆಟ್ರೋಲ್ ಅಥವಾ ಆಯಿಲ್ ಜಾಸ್ತಿ, ಬೆಳ್ಳಗಾಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಕಾಫಿ ಬಣ್ಣಕ್ಕಿದ್ದರೆ ಸರಿ.

ಬಿಡಿಭಾಗಗಳಿಗಾಗಿ ಮಾಲೀಕರು ಒಬ್ಬರನ್ನೊಬ್ಬರು ಹುಡುಕಿಕೊಂಡರು. ಕ್ಲಬ್ಬುಗಳು ಹುಟ್ಟಿದವು. ಜುಲೈ ತಿಂಗಳ ಎರಡನೇ ಭಾನುವಾರ ಅಂತರರಾಷ್ಟ್ರೀಯ ಜಾವಾ ದಿನ. ಆ ದಿನ ಬೆಂಗಳೂರಿನಲ್ಲಿ ಸೇರುವ ಗಾಡಿಗಳ ಸಾಲು ನೋಡಿದವರಿಗೆ ಇವು ಸತ್ತ ಕಂಪನಿಯೊಂದರ ಸರಕು ಎಂದು ಅನಿಸುವುದೇ ಇಲ್ಲ.

ಕೊಳ್ಳುವ ಮುನ್ನ

ಹಳೆಯ ಗಾಡಿ ಕೊಳ್ಳುವವರು ಮೊದಲು ನೋಡುವುದು ಬಣ್ಣ, ಕ್ರೋಮ್. ನೋಡಬೇಕಾದ್ದು ಆರ್‌ಸಿ. ಎಂಜಿನ್ ನಂಬರ್, ಚಾಸಿ ನಂಬರ್ ಎರಡೂ ಆರ್‌ಸಿಯೊಂದಿಗೆ ತಾಳೆಯಾಗಬೇಕು. ನಂಬರನ್ನು ಉಜ್ಜಿ ಹೊಸದಾಗಿ ಕೆತ್ತಿದ ಗುರುತಿದ್ದರೆ ಕೈ ತೆಗೆಯುವುದೇ ಒಳ್ಳೆಯದು. ತೆರಿಗೆ ಬಾಕಿ, ಬೇರೆ ರಾಜ್ಯದ ಗಾಡಿಯಾದರೆ ಎನ್‌ಒಸಿ, ಮೂಲ ಮಾಲೀಕರ ಸಹಿ ಇವೆಲ್ಲ ಮುಗಿದ ಮೇಲೆ ಹಣ ಕೊಡಬೇಕು.

ರಿಸ್ಟೋರ್ ಮಾಡಿಸುವಾಗ ಒಂದು ವಿವೇಕ ಬೇಕು. ಎಲ್ಲವನ್ನೂ ಥಳಥಳ ಹೊಳೆಯುವಂತೆ ಮಾಡಿಸುವ ಆತುರದಲ್ಲಿ ಮೂಲ ಭಾಗಗಳನ್ನು ಗುಜರಿಗೆ ಹಾಕುವವರಿದ್ದಾರೆ. ಮೂಲ ಸ್ಪೀಡೋಮೀಟರ್, ಮೂಲ ಕಾರ್ಬುರೇಟರ್, ಕಾರ್ಖಾನೆಯಲ್ಲೇ ಬಳಿದ ಬಣ್ಣ ಇವುಗಳನ್ನು ಒಮ್ಮೆ ಕಳೆದುಕೊಂಡರೆ ಮತ್ತೆ ತರಲಾಗದು. ಸ್ವಲ್ಪ ಮಾಸಿದರೂ ಅಸಲಿಯಾಗಿರುವ ಗಾಡಿಗೆ ಬಲ್ಲವರು ಹೆಚ್ಚು ಬೆಲೆ ಕೊಡುತ್ತಾರೆ.

ಇನ್ನೊಂದು ಹೊಸ ಸಮಸ್ಯೆ ಪೆಟ್ರೋಲಿನದು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿಗೆ ತುಕ್ಕು ಹಿಡಿಯಲು, ಹಳೆಯ ರಬ್ಬರ್ ಸೀಲುಗಳು ಮೆತ್ತಗಾಗಲು ಅದು ಕಾರಣವಾಗಬಹುದು. ಮಳೆಗಾಲದಲ್ಲಿ ಗಾಡಿ ನಿಲ್ಲಿಸುವುದಿದ್ದರೆ ಕಾರ್ಬುರೇಟರಿನ ಪೆಟ್ರೋಲ್ ಖಾಲಿ ಮಾಡುವುದು, ಎಥನಾಲ್ ತಡೆಯುವ ಪೈಪು–ಸೀಲು ಹಾಕಿಸುವುದು ಸುಲಭದ ಮುನ್ನೆಚ್ಚರಿಕೆ.

‘ವಿಂಟೇಜ್’ ಯಾವುದು?

ಹಳೆಯದನ್ನೆಲ್ಲ ನಾವು ವಿಂಟೇಜ್ ಎನ್ನುತ್ತೇವೆ. ಕಾನೂನು ಹಾಗೆನ್ನುವುದಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡಿಲ್ಲದೆ ಮೂಲ ರೂಪದಲ್ಲಿರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನ ಮಾತ್ರ ವಿಂಟೇಜ್. ಅಂದರೆ 1960ರ ದಶಕದ ಜಾವಾ ಈ ಸಾಲಿಗೆ ಸೇರುತ್ತದೆ, 1980ರ ದಶಕದ ರೋಡ್‌ಕಿಂಗ್ ಇನ್ನೂ ಕಾಯಬೇಕು.

ಇಂಥ ಗಾಡಿಗಳಿಗೆ ‘ವಿಎ’ ಅಕ್ಷರಗಳಿರುವ ಪ್ರತ್ಯೇಕ ನೋಂದಣಿ ಸರಣಿ ಇದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಮರುನೋಂದಣಿಗೆ 5,000 ರೂಪಾಯಿ ಎಂದು ಆ ನಿಯಮ ಹೇಳಿತು. ಈಗಾಗಲೇ ನೋಂದಣಿಯಾಗಿರುವ ಗಾಡಿಗಳು ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. 1989ರಲ್ಲಿ ‘ಕೆಎ’ ಬರುವುದಕ್ಕೆ ಮುಂಚಿನ ‘ಎಂವೈ’ ನಂಬರಿನ ಗಾಡಿ ಇಟ್ಟುಕೊಂಡವರಿಗೆ ಇದು ಸಂತಸದ ಮಾತು.

ಒಂದು ಷರತ್ತು ಮುಖ್ಯ. ವಿಂಟೇಜ್ ಎಂದು ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಅಧ್ಯಯನ, ರಿಪೇರಿ, ಪೆಟ್ರೋಲ್ ಹಾಕಿಸಲು ರಸ್ತೆಗೆ ತರಬಹುದು. ದಿನಾ ಓಡಿಸುವ ಆಸೆಯಿದ್ದರೆ ಮಾಮೂಲಿ ನೋಂದಣಿಯನ್ನೇ ಕಾಲಕಾಲಕ್ಕೆ ನವೀಕರಿಸಿಕೊಂಡು, ತಪಾಸಣೆ ಮಾಡಿಸಿ, ತೆರಿಗೆ ಕಟ್ಟಬೇಕು.

ಹಳೆ ಗಾಡಿಗೆ ಗಟ್ಟಿ ಉಡುಪು

ಬೈಕಿನ ಮೋಹದ ಜೊತೆಗೇ ಬರುವುದು ಉಡುಪಿನ ಮೋಹ. ಚರ್ಮದ ಜಾಕೆಟ್, ಎತ್ತರದ ಬೂಟು, ಕ್ಯಾನ್ವಾಸ್ ಚೀಲ. ಇವು ಫ್ಯಾಷನ್ ಆಗುವುದಕ್ಕೆ ಮೊದಲು ಅಗತ್ಯಗಳಾಗಿದ್ದವು. ಜಿಪ್ ಇರುವ ಬೈಕ್ ಜಾಕೆಟ್ಟನ್ನು ನ್ಯೂಯಾರ್ಕಿನ ಅರ್ವಿಂಗ್ ಶಾಟ್ 1928ರಲ್ಲಿ ರೂಪಿಸಿದರು. ಗುಂಡಿಯ ಸಂದಿಯಿಂದ ನುಗ್ಗುವ ಗಾಳಿಯನ್ನು ಜಿಪ್ ತಡೆಯಿತು. ಇಂಗ್ಲೆಂಡಿನ ಸವಾರರು ಮಳೆಗೆ ಮೇಣ ಸವರಿದ ಹತ್ತಿ ಬಟ್ಟೆಯ ಕೋಟು ತೊಟ್ಟರು.

ಹೆಲ್ಮೆಟ್ಟಿನ ಹಿಂದೆ ಒಂದು ಸಾವಿನ ಕಥೆಯಿದೆ. ‘ಅರೇಬಿಯಾದ ಲಾರೆನ್ಸ್’ ಎಂದು ಹೆಸರಾಗಿದ್ದ ಟಿ.ಇ. ಲಾರೆನ್ಸ್ 1935ರ ಮೇನಲ್ಲಿ ತಮ್ಮ ಬ್ರಫ್ ಸುಪೀರಿಯರ್ ಬೈಕಿನಿಂದ ಬಿದ್ದು, ತಲೆಗೆ ಪೆಟ್ಟಾಗಿ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರ ಚಿಕಿತ್ಸೆಯಲ್ಲಿ ಭಾಗಿಯಾಗಿದ್ದ ನರಶಸ್ತ್ರಚಿಕಿತ್ಸಕ ಹ್ಯೂ ಕೇರ್ನ್ಸ್ ಆ ಸಾವನ್ನು ಮರೆಯಲಿಲ್ಲ. ಬೈಕ್ ಸವಾರರ ತಲೆಪೆಟ್ಟುಗಳನ್ನು ಅಧ್ಯಯನ ಮಾಡಿ, ಹೆಲ್ಮೆಟ್ ಜೀವ ಉಳಿಸುತ್ತದೆ ಎಂದು 1941ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಬ್ರಿಟಿಷ್ ಸೇನೆಯ ಸವಾರರಿಗೆ ಹೆಲ್ಮೆಟ್ ಕಡ್ಡಾಯವಾಯಿತು. ಇಂದು ನಾವು ತೊಡುವ ಹೆಲ್ಮೆಟ್ಟಿನ ಚರಿತ್ರೆ ಅಲ್ಲಿಂದ ಬೆಳೆದು ಬಂದದ್ದು.

ಹಳೆ ಗಾಡಿ ಓಡಿಸುವವರಿಗೆ ಈ ಮಾತು ಇನ್ನೂ ಮುಖ್ಯ. ಜಾವಾ, ಯೆಜ್ಡಿಗಳಲ್ಲಿರುವುದು ಡ್ರಮ್ ಬ್ರೇಕ್. ಎಬಿಎಸ್ ಇರುವ ಹೊಸ ಬೈಕಿನಷ್ಟು ಬೇಗ ಅವು ನಿಲ್ಲುವುದಿಲ್ಲ. ಹಳೆಯ ಜಾವಾದ 6 ವೋಲ್ಟಿನ ಹೆಡ್‌ಲೈಟಿಗೆ ಇಂದಿನ ಹೆದ್ದಾರಿಯ ಬೆಳಕಿನ ಎದುರು ಬಲ ಸಾಲದು. ಹಳೆಯ ರೂಪಕ್ಕೆ ಹೊಂದಲಿ ಎಂದು ಅರ್ಧ ತಲೆ ಮುಚ್ಚುವ ಟೊಪ್ಪಿಗೆ ಹಾಕುವವರು ನಂಬಿರುವುದು ಅದೃಷ್ಟವನ್ನು ಮಾತ್ರ. ಐಎಸ್ಐ ಗುರುತಿನ, ಗಲ್ಲದವರೆಗೆ ಮುಚ್ಚುವ ಹೆಲ್ಮೆಟ್ ಹಳೆಯ ವಿನ್ಯಾಸದಲ್ಲೂ ಸಿಗುತ್ತದೆ.

ಜಾಕೆಟ್ ಕೊಳ್ಳುವಾಗ ಹೊರಗಿನ ಚರ್ಮಕ್ಕಿಂತ ಒಳಗಿನ ಪ್ಯಾಡ್ ನೋಡಬೇಕು. ಭುಜ, ಮೊಣಕೈ, ಬೆನ್ನಿಗೆ ಸಿಇ ಗುರುತಿನ ಪ್ಯಾಡ್ ಇರಬೇಕು. ಎರಡನೇ ಹಂತದ್ದಾದರೆ ಪೆಟ್ಟನ್ನು ಇನ್ನೂ ಚೆನ್ನಾಗಿ ತಡೆಯುತ್ತದೆ. ರಾಯಚೂರು, ಬಳ್ಳಾರಿಯ ಬಿಸಿಲಿನಲ್ಲಿ ದಪ್ಪ ಚರ್ಮ ತೊಟ್ಟವರು ಬಳಲುತ್ತಾರೆ. ಅಲ್ಲಿಗೆ ಗಾಳಿಯಾಡುವ ಜಾಲರಿ ಬಟ್ಟೆಯ ಜಾಕೆಟ್ ಲೇಸು. ಬೂಟು ಹಿಮ್ಮಡಿಯ ಗಂಟನ್ನು ಮುಚ್ಚುವಂತಿರಲಿ. ಕ್ಯಾನ್ವಾಸ್ ಚೀಲ ಕಟ್ಟುವವರು ಎರಡೂ ಮಗ್ಗುಲಲ್ಲಿ ಕಾಯುವ ಸೈಲೆನ್ಸರ್ ಇದೆ ಎಂಬುದನ್ನು ನೆನಪಿಡಬೇಕು.

ಹೆಸರು ಮರಳಿ ಬಂತು, ವಿದ್ಯೆ?

2018ರ ನವೆಂಬರಿನಲ್ಲಿ ಮಹೀಂದ್ರ ಸಮೂಹದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಜಾವಾ ಹೆಸರನ್ನು ಮತ್ತೆ ರಸ್ತೆಗೆ ತಂದಿತು. 2022ರ ಜನವರಿಯಲ್ಲಿ ಯೆಜ್ಡಿಯೂ ಬಂತು. ಇವು ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಎಂಜಿನ್ ಫೋರ್ ಸ್ಟ್ರೋಕ್, ಪೆಟ್ರೋಲ್ ಸಿಂಪಡಿಸುವುದು ಎಲೆಕ್ಟ್ರಾನಿಕ್ ಏರ್ಪಾಡು, ತಂಪು ಮಾಡುವುದು ದ್ರವ. ಹೊಗೆ ಕಡಿಮೆ, ಬ್ರೇಕ್ ಉತ್ತಮ. ದಿನಾ ಓಡಿಸುವವರಿಗೆ ಇವೇ ಅನುಕೂಲ, ಊರಿನ ಗಾಳಿಗೂ ಇವೇ ಒಳ್ಳೆಯವು. ಎಲ್ಲರೂ ಹಳೆಯ ಟೂ ಸ್ಟ್ರೋಕಿಗೆ ಮರಳಬೇಕು ಎಂದು ಯಾರೂ ಹೇಳಲಾರರು.

ಆದರೆ ಹಳೆಯ ಗಾಡಿಯಿಂದ ಕಲಿಯಬೇಕಾದ ಪಾಠ ಹೊಗೆಯದಲ್ಲ, ಸ್ಕ್ರೂಡ್ರೈವರಿನದು. ಕೊಂಡವನೇ ಬಿಚ್ಚಿ ನೋಡಬಹುದಾದ, ಕಂಪನಿ ಹೋದರೂ ಉಳಿಯಬಹುದಾದ ವಸ್ತುಗಳನ್ನು ಒಂದು ಕಾಲದಲ್ಲಿ ನಮ್ಮದೇ ಊರಿನಲ್ಲಿ ಮಾಡುತ್ತಿದ್ದೆವು. ಈಗ ಕೊಳ್ಳುವ ಬಹಳಷ್ಟು ವಸ್ತುಗಳು ಕಂಪನಿಯ ಸಾಫ್ಟ್‌ವೇರ್ ಒಪ್ಪದೆ ತೆರೆದುಕೊಳ್ಳುವುದೂ ಇಲ್ಲ. ರಿಪೇರಿಯ ಮಾಹಿತಿ ಗ್ರಾಹಕರಿಗೆ ಸಿಗಲೆಂದು ಕೇಂದ್ರ ಸರ್ಕಾರ 2022ರಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆದದ್ದು ಈ ಕೊರಗಿಗೆ ಸಿಕ್ಕ ಒಂದು ಸಣ್ಣ ಉತ್ತರ.

ನಮ್ಮಿಂದ ಆಗಬೇಕಾದ್ದೂ ಇದೆ. ಜಾವಾ ಕೆಲಸ ಬಲ್ಲ ಹಿರಿಯ ಮೇಸ್ತ್ರಿಗಳಿಗೆ ಈಗ ವಯಸ್ಸಾಗಿದೆ. ಅವರ ಕೈಯಲ್ಲಿರುವುದು ಯಾವ ಪುಸ್ತಕದಲ್ಲೂ ಪೂರ್ತಿ ಇಲ್ಲ. ಕ್ಲಬ್ಬುಗಳು ರ್‍ಯಾಲಿಗೆ ಕೊಡುವಷ್ಟೇ ಸಮಯವನ್ನು ಆ ವಿದ್ಯೆಯನ್ನು ವಿಡಿಯೊ ಮಾಡಿ, ಬರೆದು ಉಳಿಸಲು ಕೊಡಬೇಕು. ಐಟಿಐಗಳು ಇಂಥ ಎಂಜಿನ್ನೊಂದನ್ನು ತರಿಸಿ ಹುಡುಗ–ಹುಡುಗಿಯರ ಕೈಯಲ್ಲಿ ಬಿಚ್ಚಿಸಿ ಜೋಡಿಸಲಿ. ಕಾರ್ಖಾನೆಯಲ್ಲಿ ದುಡಿದವರ ನೆನಪುಗಳು, ನಕ್ಷೆಗಳು, ಫೋಟೊಗಳು ಮೈಸೂರಿನಲ್ಲೇ ಒಂದೆಡೆ ಸೇರಲಿ. ಬೈಕು ಕೊಂಡವರು ಅದನ್ನು ತೊಳೆದು ಒರೆಸುವುದರ ಜೊತೆಗೆ, ರಿಪೇರಿ ದಿನ ಮೇಸ್ತ್ರಿಯ ಪಕ್ಕದಲ್ಲಿ ಕೂತು ಒಂದು ಕೆಲಸವನ್ನಾದರೂ ಕಲಿಯಲಿ. ಬಿಡಿಭಾಗವನ್ನು ಲೇತಿನಲ್ಲಿ ಹೊಸದಾಗಿ ಮಾಡಿಕೊಳ್ಳಬಹುದು. ಅದನ್ನು ಕೂರಿಸಬಲ್ಲವರಿಲ್ಲದಿದ್ದರೆ ಈ ಗಾಡಿಗಳು ನಿಜವಾಗಿ ನಿಲ್ಲುವುದು ಆಗ.